ಎರಡೂ ಪಕ್ಷದ ಜಾಕೆಟ್ಟು

2017, ಜುಲೈ 3, ಸೋಮವಾರ. ಸಂಜೆ 6.40

ನೀರು ಬೆಳಿಗ್ಗೆ ಹತ್ತಕ್ಕೆ ಬಂತು, ಹನ್ನೊಂದಕ್ಕೆ ನಿಂತಿತು. ಎರಡು ಡ್ರಮ್ಮು ತುಂಬಿಸಿದೆ. ಮಗಳು ರಂಜು ಗಿಗಿರಿಯ ಆಫೀಸಿಗೆ ಹೊರಟಾಗ ಏಳು ಗಂಟೆ. ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟೆ. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ತೆಗೆದೆ. ಒಂದೂವರೆ ಗಂಟೆ ಹಿಡಿಯಿತು. ಹಿಡಿಯಲಿ ಎಂದೇ ನಿಧಾನ ಮಾಡಿದೆ.

ಇವರು ಹೋಗಿ ಇವತ್ತಿಗೆ ಐವತ್ಮೂರು ದಿನ.

ನಾಲ್ಕಕ್ಕೆ ವಲೇರಿಯನ್ ಬಂದರು. ಮಂಗಳೂರಿನವರು, ಬ್ಯಾಂಕಿನಲ್ಲಿ ಕೆಲಸ, ಲ್ಯಾವಿಂಗ್ಟನ್ನಿನಲ್ಲಿ ಮನೆ. ಚರ್ಚಿನಲ್ಲಿ ಗಿಟಾರು ನುಡಿಸುತ್ತಾರೆ. ಇವರಿಗೆ ಸಿನಿಮಾ ಹುಚ್ಚು ಹಿಡಿಸಿದ್ದು ಅವರೇ. ಜೊತೆಗೆ ಇವರು ಪಾರ್ಟು ಮಾಡುತ್ತಿದ್ದ ಸಿನಿಮಾದ ಡೈರೆಕ್ಟರ್ ಮುಥೋನಿ. ಮೂವತ್ತೈದು ಇರಬಹುದು, ನೋಡಿದರೆ ಕಾಲೇಜು ಹುಡುಗಿ. ಅನಾನಸು ತಂದಿದ್ದಳು. ‘ಮಾಮಾ’ ಎಂದು ಕರೆದು — ಸ್ವಾಹಿಲಿಯಲ್ಲಿ ಅಮ್ಮ ಎಂದು, ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೆಯೇ ಕರೆಯುತ್ತಾರೆ — ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡು ಕೂತಳು.

ವಿಷಯ ಇಷ್ಟು. ಸಿನಿಮಾ ಮುಗಿಯುತ್ತಾ ಬಂದಿದೆ. ಕೊನೆಯ ದೃಶ್ಯ ಮಾತ್ರ ಬಾಕಿ. ಅದರಲ್ಲಿ ಇವರ ಪಾತ್ರ ಜನರ ನಡುವೆ ನಡೆದುಹೋಗಿ ವೇದಿಕೆ ಹತ್ತಿ ಹಾಡಬೇಕು. ಹಾಡು ಏಪ್ರಿಲ್‌ನಲ್ಲೇ ರೆಕಾರ್ಡ್ ಆಗಿದೆ. ನಡಿಗೆಯನ್ನು ಬೆನ್ನ ಕಡೆಯಿಂದ ತೆಗೆದರೆ ಬೇರೆ ಯಾರಾದರೂ ನಡೆಯಬಹುದಂತೆ. ನನ್ನ ಒಪ್ಪಿಗೆ ಕೇಳಲು ಬಂದಿದ್ದರು. ಆಗಲಿ ಎಂದೆ. ಬೇಡ ಎನ್ನುವುದಕ್ಕೆ ಕಾರಣ ಹೊಳೆಯಲಿಲ್ಲ.

ಹೊರಡುವಾಗ ವಲೇರಿಯನ್ ಕೇಳಿದರು: “ಜಾಕೆಟ್ ಉಂಟಲ್ಲ ಕಮಲಕ್ಕ? ಅದೊಂದು ಬೇಕೇ ಬೇಕು.”

ಇದೆ ಎಂದೆ.

ಯಾಕೆ ಹಾಗೆಂದೆನೋ. ಜಾಕೆಟ್ಟು ಈ ಮನೆಯಲ್ಲಿ ಇಲ್ಲ.

ಜುಲೈ 4, ಮಂಗಳವಾರ. ಬೆಳಿಗ್ಗೆ 10

ವೈಕುಂಠ ಸಮಾರಾಧನೆಯ ಮಾರನೇ ದಿನ ಬೀರು ಖಾಲಿ ಮಾಡಿದೆ. ಪಕ್ಕದ ಮನೆಯ ಜಯಾ ಬಂದು ನಿಂತಿದ್ದಳು. ತೊಟ್ಟ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೋದವರಿಗೆ ಹೊರಡುವುದಕ್ಕೆ ಆಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡಿ ಅಂದಳು. ನನಗೂ ಗೊತ್ತಿದ್ದದ್ದೇ. ನಮ್ಮ ತಂದೆ ಹೋದಾಗಲೂ ಹಾಗೇ ಮಾಡಿದ್ದೆವು. ಅಕ್ಕಿ ಚೀಲ ಎರಡು ತುಂಬಿದವು. ಗೇಟಿನ ಕಾವಲುಗಾರ ಓಪಿಯೋಗೆ ಕೊಟ್ಟೆ. ತುಂಬುವಾಗ ಯಾವುದನ್ನೂ ಬಿಡಿಸಿ ನೋಡಲಿಲ್ಲ. ಮಡಿಸಿದ್ದು ಮಡಿಸಿದ ಹಾಗೆಯೇ, ಹ್ಯಾಂಗರಿನಲ್ಲಿದ್ದದ್ದು ಹ್ಯಾಂಗರಿನ ಸಮೇತ.

ಅದು ಚಿಕ್ಕ ಸಿನಿಮಾ. ಅವರವರ ವೇಷ ಅವರವರ ಮನೆಯಲ್ಲೇ ಇರಬೇಕು, ಶೂಟಿಂಗಿಗೆ ತೊಟ್ಟುಕೊಂಡೇ ಬರಬೇಕು. ಇವರು ಹೇಳಿದ್ದರು. ಆದರೆ ಇವರ ಬೀರುವಿನಲ್ಲಿ ಇದ್ದದ್ದೆಲ್ಲ ಇವರದೇ ಅಂತ ನನ್ನ ಲೆಕ್ಕ. ಇನ್ನೊಬ್ಬರ ವಸ್ತು ದಾನ ಮಾಡಿಬಿಟ್ಟೆ.

ಎಡಭಾಗ ಹಳದಿ, ಬಲಭಾಗ ನೇರಳೆ. ತೋಳಿಗೆಲ್ಲ ಜಾಲರಿ ಜಾಲರಿ ನೂಲು. ನೋಡಿದ ದಿನವೇ ಅಂದಿದ್ದೆ — ಇದನ್ನು ಹಾಕಿಕೊಂಡು ಲಿಫ್ಟಿನಲ್ಲಿ ಹೋಗಬೇಡಿ, ಜನ ಏನಂದಾರು. ಮೆಟ್ಟಿಲು ಇಳಿದು ಹೋದರು. ನಾಲ್ಕು ಮಹಡಿ.

ಜುಲೈ 5, ಬುಧವಾರ. ಮಧ್ಯಾಹ್ನ 3

ಸಿನಿಮಾದ ಕಥೆ ಇವರು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದು. ಅರ್ಧ ಕಿವಿಯಲ್ಲಿ ಕೇಳಿದ್ದೆ. ನೆನಪಿದ್ದಷ್ಟು ಬರೆದಿಡುತ್ತೇನೆ.

ಈ ಊರಿನವರಿಗೆ ಕಂಟ್ರಿ ಮ್ಯೂಸಿಕ್ ಎಂದರೆ ಪ್ರಾಣ. ಯಾವುದೋ ಅಮೆರಿಕದ ಹಳ್ಳಿಯವರ ಹಾಡು. ಇಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲೆಲ್ಲೂ ಅದೇ. ದೊಡ್ಡ ಟೋಪಿ ಇಟ್ಟುಕೊಂಡು ಕುಣಿಯುತ್ತಾರೆ. ಮುಥೋನಿಯ ಸಿನಿಮಾದಲ್ಲಿ ಚುನಾವಣೆ ಬರುತ್ತದೆ. ಇಬ್ಬರು ಉಮೇದುವಾರರು, ಹಳದಿ ಪಕ್ಷ, ನೇರಳೆ ಪಕ್ಷ. ಇಬ್ಬರಿಗೂ ಊರಿನ ಹಾಡುಗಾರರೆಲ್ಲ ಬೇಕು. ಹಾಡುಗಾರರು ಬೆಳಿಗ್ಗೆ ಇವನಿಗೆ, ಸಂಜೆ ಅವನಿಗೆ, ಹಾಡು ಅದೇ, ಹೆಸರು ಮಾತ್ರ ಬೇರೆ. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರೂ ಜೋಡಿಯಾಗಿ ಹಾಡುವ ಅವಳಿ ಅಕ್ಕತಂಗಿಯರು, ಒಬ್ಬ ಪಾದ್ರಿ, ಒಬ್ಬ ಟ್ಯಾಕ್ಸಿಯವ... ಒಟ್ಟು ಇಪ್ಪತ್ತಮೂರು ಪಾತ್ರ. ಹೀರೋ ಯಾರು ಅಂತ ಕೇಳಿದ್ದೆ. “ಹೀರೋ ಇಲ್ಲ ಕಣೇ. ಅದೇ ತಮಾಷೆ,” ಅಂದಿದ್ದರು.

ಇವರು ಲಾಲ್‌ಜಿ. ಟೀಶರ್ಟಿಗೆ ಅಚ್ಚು ಹಾಕುವ ಅಂಗಡಿಯವನು. ಎರಡೂ ಪಕ್ಷಕ್ಕೆ ಟೀಶರ್ಟು ಒದಗಿಸುತ್ತಾನೆ. ಹಳದಿಯವರು ಬಂದರೆ ಜಾಕೆಟ್ಟಿನ ಎಡ ಮಗ್ಗುಲು ತೋರಿಸಿ ನಿಲ್ಲುತ್ತಾನೆ, ನೇರಳೆಯವರು ಬಂದರೆ ಬಲ ಮಗ್ಗುಲು. ಅವನ ಬೇಡಿಕೆ ಒಂದೇ. ದೊಡ್ಡ ಸಭೆಯಲ್ಲಿ ಒಂದು ಹಾಡು ಹಾಡುವುದಕ್ಕೆ ಬಿಡಬೇಕು. ಇಬ್ಬರೂ ಆಗಲಿ ಎನ್ನುತ್ತಾರೆ, ಇಬ್ಬರೂ ಮರೆಯುತ್ತಾರೆ. ಕೊನೆಗೆ ಉಮೇದುವಾರರಿಬ್ಬರೂ ಕೈ ಕೈ ಹಿಡಿದು ಒಂದೇ ವೇದಿಕೆಗೆ ಬರುತ್ತಾರೆ. ಮೊದಲು ಯಾರು ಹಾಡಬೇಕೆಂದು ಹಾಡುಗಾರರು ಕೆಳಗೆ ಜಗಳಕ್ಕೆ ನಿಲ್ಲುತ್ತಾರೆ. ವೇದಿಕೆ ಒಂದು ನಿಮಿಷ ಖಾಲಿ. ಆಗ ಲಾಲ್‌ಜಿ ಹೋಗುತ್ತಾನೆ.

ಮೂವತ್ತು ವರ್ಷ ಎಂಬಕಸಿಯಲ್ಲಿ ಹೂವಿನ ಪೆಟ್ಟಿಗೆ ಎಣಿಸಿ ವಿಮಾನಕ್ಕೆ ಹಾಕಿಸಿದವರಿಗೆ ಐವತ್ತೊಂಬತ್ತರಲ್ಲಿ ಇದು ಬೇಕಿತ್ತಾ. ಒಂದು ದಿನ ಬಾ, ನೋಡುವೆಯಂತೆ ಎಂದು ಮೂರು ಸಲ ಕರೆದಿದ್ದರು. ಹೋಗಲಿಲ್ಲ. ಮೂರು ಸಲವೂ ಮಾಡಲು ಕೆಲಸ ಇತ್ತು. ಏನು ಕೆಲಸ ಎಂದು ಈಗ ನೆನಪಿಲ್ಲ.

ಜುಲೈ 7, ಶುಕ್ರವಾರ. ಬೆಳಿಗ್ಗೆ 11

ಓಪಿಯೋನನ್ನು ಕೇಳಿದೆ. ನೇರವಾಗಿ ಅಲ್ಲ. ಕೊಟ್ಟ ಬಟ್ಟೆ ಸರಿಹೋಯಿತಾ ಎಂದು. ನಲವತ್ತರ ಮೇಲಿನ ಆಳು, ಆದರೂ ನನ್ನ ಮುಂದೆ ಟೋಪಿ ತೆಗೆದು ನಿಲ್ಲುತ್ತಾನೆ. ಅಂಗಿಗಳು ಅವನಿಗೆ ಬಿಗಿಯಂತೆ. ಎರಡೂ ಚೀಲವನ್ನು ಬಸ್ಸಿನಲ್ಲಿ ಊರಿಗೆ ಕಳಿಸಿದ್ದಾನೆ. ಸಿಯಾಯಾ ಕಡೆಯ ಹಳ್ಳಿ, ಎಂಟು ಗಂಟೆಯ ದಾರಿ. ಅಲ್ಲಿ ಅವನ ತಂದೆ ನಾಶೋನ್ ಇದ್ದಾರೆ.

ಫೋನಿನಲ್ಲಿ ಫೋಟೋ ತೋರಿಸಿದ. ಚರ್ಚಿನ ಮುಂದೆ ಒಬ್ಬ ಎತ್ತರದ ಮುದುಕರು, ಕೈಯಲ್ಲಿ ಬೈಬಲ್ಲು, ಮೈಮೇಲೆ ಹಳದಿ ನೇರಳೆ ಜಾಕೆಟ್ಟು. ಜಾಲರಿಯನ್ನು ಬಾಚಿದ ಹಾಗಿತ್ತು. ಪ್ರತಿ ಭಾನುವಾರ ಅದನ್ನೇ ಹಾಕುತ್ತಾರಂತೆ. ಪಾದ್ರಿಯ ನಿಲುವಂಗಿಗಿಂತ ಅದಕ್ಕೇ ಹೆಚ್ಚು ಗೌರವವಂತೆ.

ನಕ್ಕುಬಿಟ್ಟೆ. ಓಪಿಯೋ ಗಾಬರಿಯಾದ.

ವಾಪಸು ಬೇಕು ಎಂಬ ಮಾತು ಬಾಯಿಗೆ ಬರಲಿಲ್ಲ. ಕೊಟ್ಟ ದಾನ ಹಿಂದಕ್ಕೆ ಕೇಳುವುದುಂಟೇ. ಅದೂ ಇವರ ಹೆಸರಿನಲ್ಲಿ ಕೊಟ್ಟದ್ದು.

ಜುಲೈ 14, ಶುಕ್ರವಾರ. ಸಂಜೆ 7

ರಂಜುಗೆ ಹೇಳಿದೆ. ಇನ್ನು ತಡೆಯಲಾಗಲಿಲ್ಲ. “ಅಮ್ಮಾ, ಯು ಗೇವ್ ಅವೇ ದ ಕಾಸ್ಟ್ಯೂಮ್?” ಎಂದಳು. ಆಮೇಲೆ ನಗು, ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು. ಇವತ್ತು ನೀರು ಬರುವ ದಿನವಲ್ಲ.

ಅವಳದೇ ಉಪಾಯ, ಅಂಥದ್ದೇ ಇನ್ನೊಂದು ಹೊಲಿಸುವುದು. ಸಂಜೆ ನ್ಗಾರಾಕ್ಕೆ ಹೋಗಿ ಅದನ್ನು ಹೊಲಿದ ಟೈಲರನ್ನು ಹುಡುಕಿದೆವು. ಅವನು ಅಂಗಡಿಗೆ ಬೀಗ ಹಾಕುತ್ತಿದ್ದ. ವೋಟು ಹಾಕಲು ಊರಿಗೆ ಹೊರಟಿದ್ದಾನೆ, ಬರುವುದು ಯಾವಾಗಲೋ. ನೇರಳೆ ಬಟ್ಟೆ ಹಳೆಯ ಪರದೆಯದಂತೆ, ಮುಗಿದುಹೋಗಿದೆ. ಅದೂ ಅಲ್ಲದೆ, ಮೂರು ಸೀನಿನಲ್ಲಿ ಒಂದು ಜಾಕೆಟ್ಟು, ನಾಲ್ಕನೆಯದರಲ್ಲಿ ಅದರ ತಮ್ಮ ಬಂದರೆ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲವೇ ಎಂದು ನಮ್ಮನ್ನೇ ಕೇಳಿದ.

ಬರುವಾಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ರಂಜು, ಅಪ್ಪನ ಹಾಡು ಕೇಳಿದೀಯಾ ಅಂದಳು. ಇಂಗ್ಲಿಷಿನಲ್ಲೇ. ಇಲ್ಲ ಎಂದೆ. ಇವರು ಮನೆಯಲ್ಲಿ ಹಾಡಿಕೊಂಡಾಗಲೆಲ್ಲ ಮಿಕ್ಸಿ ಹಾಕುತ್ತಿದ್ದೆ.

ಜುಲೈ 22, ಶನಿವಾರ. ಮಧ್ಯಾಹ್ನ 2

ಇವತ್ತೇ ಶೂಟಿಂಗು. ನಿಜ ಹೇಳಿಬಿಡಬೇಕು ಎಂದು ಬೆಳಿಗ್ಗೆ ರಂಜು ಜೊತೆ ಮೈದಾನಕ್ಕೆ ಹೋದೆ. ವೇದಿಕೆ, ಬಾವುಟ, ಲೌಡ್‌ಸ್ಪೀಕರು ಎಲ್ಲ ತಯಾರು. ಜನ ಮಾತ್ರ ಇಲ್ಲ. ನಾನೂರು ಮಂದಿ ಬರಬೇಕಿತ್ತು, ಬಂದದ್ದು ಹನ್ನೊಂದು.

ವಲೇರಿಯನ್ ದೊಡ್ಡ ಟೋಪಿ ಇಟ್ಟುಕೊಂಡು ವೇದಿಕೆಯ ಅಂಚಿನಲ್ಲಿ ಕೂತಿದ್ದರು. “ಎಂಥ ಮಾಡುದು ಕಮಲಕ್ಕ. ಆಚೆ ರಸ್ತೆಯಲ್ಲಿ ನಿಜವಾದ ರ‍್ಯಾಲಿ ಉಂಟು. ಅಲ್ಲಿ ಊಟ ಉಂಟು, ಟೀಶರ್ಟ್ ಉಂಟು. ನಮ್ಮ ಸುಳ್ಳು ರ‍್ಯಾಲಿಗೆ ಯಾರು ಬರ್ತಾರೆ?”

ಶೂಟಿಂಗು ರದ್ದು. ಮುಥೋನಿ ವ್ಯಾನಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಕೂತೆ. ನನ್ನದು ಅಂಗಡಿಯಲ್ಲಿ ಕಲಿತ ಇಂಗ್ಲಿಷು. ಇದ್ದದ್ದನ್ನು ಇದ್ದಂತೆ ಹೇಳಿದೆ. ದಾನದ ಪದ್ಧತಿ ಹೇಳುವುದು ಕಷ್ಟವಾಯಿತು, ರಂಜು ಬಿಡಿಸಿ ಹೇಳಿದಳು. ಮುಥೋನಿ ಬೈಯಲಿಲ್ಲ. ಅವಳ ಅಜ್ಜ ಹೋದಾಗ ಅವನ ಕೋಟು ತನಗೆ ಬೇಕೆಂದು ಚಿಕ್ಕಪ್ಪಂದಿರು ಜಗಳವಾಡಿದ್ದರಂತೆ.

ಆಮೇಲೆ ಅವಳ ಕಷ್ಟ ಹೇಳಿದಳು. ಬೆನ್ನು ತೋರಿಸಬೇಕಾದರೆ ಆ ಜಾಕೆಟ್ಟೇ ಬೇಕು. ಅದು ಇಲ್ಲದಿದ್ದರೆ ವೇದಿಕೆಗೆ ಹೋಗುವುದು ಇಲ್ಲ. ವೇದಿಕೆಗೆ ಹೋಗದಿದ್ದರೆ ಲಾಲ್‌ಜಿ ಮೊದಲಿನಿಂದ ಹಾಡು ಹಾಡು ಎಂದು ಬೇಡಿಕೊಂಡದ್ದಕ್ಕೆ ಅರ್ಥವಿಲ್ಲ. ಆ ಮೂರು ಸೀನನ್ನೂ ಕತ್ತರಿಸಬೇಕಾಗುತ್ತದೆ. ಅಂದರೆ ಇವರು ಸಿನಿಮಾದಲ್ಲೇ ಇರುವುದಿಲ್ಲ.

ನಾನು ಆಗಲಿ ಎಂದು ತಲೆಯಾಡಿಸಿದೆ. ಏನು ಮಹಾ, ಸಿನಿಮಾ ತಾನೇ. ಏಳುವಷ್ಟರಲ್ಲಿ ಅವಳು ಲ್ಯಾಪ್‌ಟಾಪ್ ತೆರೆದು ನನ್ನ ತೊಡೆಯ ಮೇಲಿಟ್ಟಳು.

ಅಂಗಡಿ. ಇವರು ನಿಂತಿದ್ದಾರೆ. ಹಳದಿಯವರು ಬಂದರು, ಇವರು ಎಡ ಮಗ್ಗುಲು ತೋರಿಸಿದರು. ನೇರಳೆಯವರು ಬಂದರು, ಬಲ ಮಗ್ಗುಲು. ಇಬ್ಬರೂ ಒಟ್ಟಿಗೆ ಬಂದರು. ಇವರು ಸುತ್ತಮುತ್ತ ನೋಡಿ, ಮೆಲ್ಲಗೆ ಮೇಜಿನ ಕೆಳಗೆ ಏನೋ ಹುಡುಕುವವರ ಹಾಗೆ ಬಗ್ಗಿದರು. ಎದ್ದೇ ಬರಲಿಲ್ಲ. ವ್ಯಾನಿನಲ್ಲಿದ್ದ ಲೈಟಿನ ಹುಡುಗಿಯರು ನಕ್ಕರು, ಎಷ್ಟು ಸಲ ನೋಡಿದ್ದರೋ, ಮತ್ತೆ ನಕ್ಕರು.

ಸಂಬಳದ ದಿನ ನಾನು ಪಟ್ಟಿ ಹಿಡಿದುಕೊಂಡು ಬಂದರೆ ಹೀಗೇ ಬಗ್ಗುತ್ತಿದ್ದರು. ಚಪ್ಪಲಿ ಹುಡುಕುವ ನೆಪ.

ಇನ್ನೊಮ್ಮೆ ತೋರಿಸು ಎಂದೆ.

ಜುಲೈ 25, ಮಂಗಳವಾರ. ಸಂಜೆ 5

ಮೂರು ದಿನ ಯೋಚನೆ ಮಾಡಿ ಓಪಿಯೋಗೆ ಎಲ್ಲ ಹೇಳಿದೆ. ವಾಪಸು ಬೇಡ, ಒಂದು ದಿನಕ್ಕೆ ಎರವಲು ಸಿಗುತ್ತದೆಯೇ ಎಂದು. ಗೇಟಿನಲ್ಲಿ ನಿಂತೇ ಅವನು ತಂದೆಗೆ ಫೋನ್ ಮಾಡಿದ. ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ಮುದುಕರ ಉತ್ತರವನ್ನು ಸ್ವಾಹಿಲಿಯಲ್ಲಿ ನನಗೆ ಹೇಳಿದ:

ಸತ್ತವನ ಕೋಟು ಕೈಗೆ ಬಂದಿದೆ, ಅದನ್ನು ಬಸ್ಸಿನಲ್ಲಿ ಪಾರ್ಸಲ್ ಮಾಡಿ ವಾಪಸು ಕಳಿಸಿದರೆ ಅವನಿಗೂ ಅವಮಾನ, ನನಗೂ ಅವಮಾನ. ಬೇಕಾದರೆ ನಾನೇ ತೊಟ್ಟುಕೊಂಡು ಬರುತ್ತೇನೆ. ನಡೆಯಬೇಕಂತಲ್ಲ, ನಡೆಯುತ್ತೇನೆ. ಆದರೆ ವೋಟು ಹಾಕಿದ ಮೇಲೆ.

ವಲೇರಿಯನ್‌ಗೆ ಫೋನ್ ಮಾಡಿದೆ. ಅವರು ಮುಥೋನಿಗೆ. ಅರ್ಧ ಗಂಟೆಯಲ್ಲಿ ತಿರುಗಿ ಬಂತು ಸುದ್ದಿ. ಟೋಪಿ, ಕುತ್ತಿಗೆಗೆ ಮಫ್ಲರು, ಕೈ ಜೇಬಿನಲ್ಲಿ. ಸಾಯಂಕಾಲದ ಬೆಳಕು. ಆಗುತ್ತದೆ.

ಆಗಸ್ಟ್ 5, ಶನಿವಾರ. ಬೆಳಿಗ್ಗೆ 9

ಅಂಗಡಿಯಲ್ಲಿ ಅಕ್ಕಿ, ಉಂಗಾ ಎಂಬ ಮೆಕ್ಕೆಜೋಳದ ಹಿಟ್ಟು ಎಲ್ಲ ಖಾಲಿ. ಜನ ಊರಿಗೆ ಹೋಗುತ್ತಿದ್ದಾರೆ. ಬಸ್ಸಿನ ಮೇಲೆ ಹಾಸಿಗೆ ಕಟ್ಟಿಕೊಂಡು. ಗಲಾಟೆಯಾದೀತೆಂದು ಜಯಾಳ ಮನೆಯವರು ಹದಿನೈದು ದಿನಕ್ಕೆ ಬೆಂಗಳೂರಿಗೆ ಹೊರಟರು, ಆಫೀಸಿನವರೇ ಟಿಕೆಟ್ಟು ಮಾಡಿದ್ದಾರೆ. ಬೀಗದ ಕೈ ಕೊಡಲು ಬಂದಳು. ಸಿನಿಮಾ ವಿಷಯ ಅವಳ ಕಿವಿಗೂ ಬಿದ್ದಿದೆ. ವರ್ಷಾಂತಿಕ ಆಗುವವರೆಗೆ ಹಾಡು ಕುಣಿತ ಇರುವ ಕಡೆ ಹೋಗಬಾರದು ಅಂತ ಅವಳ ಅತ್ತೆ ಹೇಳಿದರಂತೆ. “ನಾನು ಹೇಳ್ತಿಲ್ಲ ಆಂಟಿ, ಅತ್ತೆ ಹೇಳಿದ್ದು,” ಎಂದಳು. ಒಳ್ಳೆಯ ಹುಡುಗಿ. ಅತ್ತೆ ಹೇಳಿದ್ದೂ ಸುಳ್ಳಲ್ಲ.

ನಾಡಿದ್ದು ಬಿಟ್ಟು ಆಚೆ ನಾಡಿದ್ದು ಮಂಗಳವಾರ ಚುನಾವಣೆ. ಓಪಿಯೋ ಹೋಗಲಿಲ್ಲ. ಗೇಟು ಯಾರು ನೋಡುತ್ತಾರೆ ಎಂದ.

ಆಗಸ್ಟ್ 16, ಬುಧವಾರ. ಬೆಳಿಗ್ಗೆ 8

ಹತ್ತು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ, ಟಿವಿ ಇತ್ತು. ರಂಜು ಮನೆಯಿಂದಲೇ ಕೆಲಸ ಮಾಡಿದಳು. ಇವತ್ತು ಹೋದಳು. ಮಟಾಟು ಓಡುತ್ತಿವೆ.

ತನ್ನ ಕಡೆಯವರು ಸೋತ ಮೇಲೆ ಓಪಿಯೋ ಎರಡು ದಿನ ಮಂಕಾಗಿದ್ದ. ಊಟ ಕೊಟ್ಟರೆ ಉಪಕಾರಕ್ಕೆ ಒಂದು ಅಸಾಂಟೆ, ಅಷ್ಟೇ. ನಿನ್ನೆ ತಂದೆಯ ಫೋನ್ ಬಂತಂತೆ. ಕ್ಷೇಮ. ಸೋತವರು ಕೋರ್ಟಿಗೆ ಹೋಗುತ್ತಾರಂತೆ. ಈಗ ಬರುವುದು ಬೇಡ ಎಂದು ನಾನೇ ಹೇಳಿಸಿದೆ. ಒಂದು ಸಿನಿಮಾಕ್ಕಾಗಿ ಒಬ್ಬ ಮುದುಕರನ್ನು ಈ ದಾರಿಯಲ್ಲಿ ಕರೆಸುವುದೇ. ಕತ್ತರಿಸಿದರೆ ಕತ್ತರಿಸಲಿ.

ಹಾಗೆ ಹೇಳಿ ಒಳಗೆ ಬಂದು ಅಕ್ಕಿ ಆರಿಸುತ್ತಾ ಕೂತೆ. ಕಲ್ಲಿಲ್ಲದ ಅಕ್ಕಿ.

ಸೆಪ್ಟೆಂಬರ್ 1, ಶುಕ್ರವಾರ. ಸಂಜೆ 6

ಕೋರ್ಟು ಚುನಾವಣೆಯನ್ನೇ ರದ್ದು ಮಾಡಿತು. ಮತ್ತೆ ವೋಟು. ಕೆಳಗೆ ಓಪಿಯೋ ಕುಣಿಯುತ್ತಿದ್ದ, ಎದುರು ಕಟ್ಟಡದ ಕಾವಲುಗಾರ ಮುಖ ತಿರುಗಿಸಿ ಕೂತಿದ್ದ. ಇಬ್ಬರೂ ದಿನಾ ಒಂದೇ ಫ್ಲಾಸ್ಕಿನಲ್ಲಿ ಚಹಾ ಕುಡಿಯುವವರು.

ವಲೇರಿಯನ್ ಫೋನು. ಪ್ರಚಾರ ಮತ್ತೆ ಶುರುವಾದರೆ ಮೈದಾನವೂ ಸಿಗುವುದಿಲ್ಲ, ಜನರೂ ಸಿಗುವುದಿಲ್ಲ. ಒಂಬತ್ತನೇ ತಾರೀಕು ಶನಿವಾರ ಕಡೆಯ ಅವಕಾಶ. ಅದು ತಪ್ಪಿದರೆ ಲಾಲ್‌ಜಿ ಇಲ್ಲದೆ ಸಿನಿಮಾ ಮುಗಿಸುವುದೆಂದು ಮುಥೋನಿ ತೀರ್ಮಾನ ಮಾಡಿದ್ದಾಳೆ.

“ನೀವು ಬೇಡ ಹೇಳಿದ್ದು ಅವರಿಗೆ ಬೇಜಾರಾಗಿದೆಯಂತೆ,” ಎಂದರು.

ಯಾರಿಗೆ ಎಂದೆ.

“ಆ ಅಜ್ಜನಿಗೆ, ಮತ್ತೆ ಯಾರಿಗೆ! ಮಗನ ಹತ್ರ ನನ್ನ ನಂಬರ್ ತೆಗೊಂಡು ಫೋನ್ ಮಾಡಿದ್ದಾರೆ. ಬರಲಿಕ್ಕೆ ಬಿಡಿ ಕಮಲಕ್ಕ.”

ಬರಲಿ ಎಂದೆ.

ಸೆಪ್ಟೆಂಬರ್ 7, ಗುರುವಾರ. ಸಂಜೆ 7.10

ನಾಶೋನ್ ಬಂದರು. ರಂಜು ಮತ್ತು ಓಪಿಯೋ ಬಸ್ ಸ್ಟೇಷನ್ನಿನಿಂದ ಕರೆತಂದರು. ಎಪ್ಪತ್ತೆರಡು ವಯಸ್ಸು. ಜಾಕೆಟ್ಟು ತೊಟ್ಟೇ ಬಂದಿದ್ದರು. ಬಸ್ಸಿನಲ್ಲಿ ಇಡೀ ದಾರಿ ಜನ ಯಾವ ಪಕ್ಷ, ಯಾವ ಪಕ್ಷ ಎಂದು ಕೇಳಿದರಂತೆ. ಎಡಗಡೆ ಕೂತವನಿಗೆ ಒಂದು ಉತ್ತರ, ಬಲಗಡೆ ಕೂತವನಿಗೆ ಇನ್ನೊಂದು ಹೇಳಿದೆ ಎಂದು ನಕ್ಕರು. ಲಾಲ್‌ಜಿ ಮಾಡುವುದೂ ಅದೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇವರಿಗಿಂತ ಒಂದು ಗೇಣು ಎತ್ತರ. ತೋಳು ಮಣಿಕಟ್ಟಿನ ಮೇಲೆ ನಿಲ್ಲುತ್ತದೆ. ಕೈ ಜೇಬಿನಲ್ಲಿಟ್ಟರೆ ಗೊತ್ತಾಗುವುದಿಲ್ಲ.

ಬಾಗಿಲಲ್ಲಿ ನೋಡಿದಾಗ ಎದೆ ಹಿಡಿದುಕೊಳ್ಳುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಗುಂಡಿಯೊಂದು ಸಡಿಲಾಗಿತ್ತು, ಹೊಲಿದುಕೊಟ್ಟೆ. ಮೈಮೇಲಿದ್ದಂತೆಯೇ. ಮುದುಕರು ಅಲ್ಲಾಡದೆ ನಿಂತಿದ್ದರು.

ಅನ್ನ, ಬೇಳೆ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು. ಸಾರನ್ನು ಲೋಟದಲ್ಲಿ ಬೇರೆ ಕೇಳಿದರು. ನಿನ್ನ ಗಂಡ ಎಂಥ ಮನುಷ್ಯ, ನಾನು ಯಾರಾಗಿ ನಡೆಯಬೇಕು ಎಂದು ಕೇಳಿದರು. ಒಳ್ಳೆಯವರು ಎಂದೆ. ಅಷ್ಟೇನಾ ಎಂಬ ಹಾಗೆ ರಂಜು ನೋಡಿದಳು. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದವರ ಬಗ್ಗೆ ಸ್ವಾಹಿಲಿಯಲ್ಲಿ ಇನ್ನೇನು ಹೇಳಲಿ. ಕನ್ನಡದಲ್ಲಾದರೂ ಹೇಳಿದ್ದೆನೇ.

ಸೆಪ್ಟೆಂಬರ್ 8, ಶುಕ್ರವಾರ. ಸಂಜೆ 6.30

ಮುಥೋನಿ ಮಧ್ಯಾಹ್ನ ಬಂದಳು. ಮೊದಲು ಸ್ವಲ್ಪ ಬಿಗಿ ಇತ್ತು. ಇಲ್ಲಿ ಬುಡಕಟ್ಟು ನೋಡಿಯೇ ಪಕ್ಷ. ಅವಳು ಒಂದು ಕಡೆಯ ಜನ, ಮುದುಕರು ಇನ್ನೊಂದು ಕಡೆಯವರು, ಈ ತಿಂಗಳಂತೂ ಎಲ್ಲರಿಗೂ ಹೆಸರು ಕೇಳಿದ ಕೂಡಲೇ ಅದೇ ನೆನಪು. ಮುದುಕರೇ ಟೋಪಿ ತೆಗೆದು, ನನ್ನನ್ನು ಈ ವಯಸ್ಸಿನಲ್ಲಿ ಮುಹಿಂದಿ ಮಾಡುವವಳು ನೀನೇನಾ ಎಂದರು. ಇಲ್ಲಿ ನಮ್ಮವರನ್ನೆಲ್ಲ ಹಾಗೆನ್ನುತ್ತಾರೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಕಾರು ನಿಲ್ಲಿಸುವ ಜಾಗದಲ್ಲಿ ತಾಲೀಮು. ಮುದುಕರು ನಡೆದರು. ದೊಡ್ಡ ದೊಡ್ಡ ಹೆಜ್ಜೆ, ಹೊಲ ದಾಟುವವರ ಹಾಗೆ. ಮುಥೋನಿ ಬೇಡ ಬೇಡ ಎಂದಳು. ಅವಳು ಹೇಳಿಕೊಟ್ಟಂತೆ ಚಿಕ್ಕ ಹೆಜ್ಜೆ ಹಾಕಿದರು. ಆಗ ಕಾಲು ನೋವಿನವರ ಹಾಗೆ ಕಂಡಿತು. ಮಾಮಾ, ಅವರು ಹೇಗೆ ನಡೆಯುತ್ತಿದ್ದರು ಎಂದು ನನ್ನನ್ನು ಕೇಳಿದಳು.

ಹೇಳಲು ಹೋದೆ. ಬರಲಿಲ್ಲ. ಬಾಲ್ಕನಿಗಳಲ್ಲಿ ಜನ ನಿಂತಿದ್ದರು, ಜಯಾಳೂ ಇದ್ದಳು. ಸೆರಗು ಸಿಕ್ಕಿಸಿಕೊಂಡು ನಡೆದು ತೋರಿಸಿದೆ.

ಆರೇಳು ಹೆಜ್ಜೆ, ಆಮೇಲೆ ನಿಲ್ಲುವುದು. ಹಿಂದಕ್ಕೆ ತಿರುಗಿ ನೋಡುವುದಿಲ್ಲ. ತಲೆ ಸ್ವಲ್ಪ ವಾಲಿಸಿ ನಿಂತಿರುತ್ತಾರೆ. ಮತ್ತೆ ಆರೇಳು ಹೆಜ್ಜೆ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲೂ ಹಾಗೇ, ಇಲ್ಲಿ ಸಿಟಿ ಮಾರ್ಕೆಟ್ಟಿನಲ್ಲೂ ಹಾಗೇ. ಇದೇನು ರೋಗ ಎಂದುಕೊಳ್ಳುತ್ತಿದ್ದೆ.

ಮುದುಕರು ಬೇಗ ಕಲಿತರು. ಆದರೆ ನಿಲ್ಲುವುದನ್ನು ಮಾತ್ರ ಮರೆಯುತ್ತಿದ್ದರು. ನಿಂತರೂ ಸಿಪಾಯಿಯ ಹಾಗೆ. ನಾಲ್ಕು ಸಲ ಆಯಿತು. ಐದನೆಯ ಸಲ ಸುಮ್ಮನೆ ಟೋಪಿ ತೆಗೆದು ನಿಂತುಬಿಟ್ಟರು.

“ಹಿಂದೆ ಯಾರೂ ಇಲ್ಲದೆ ಒಬ್ಬ ಮನುಷ್ಯ ಯಾಕೆ ನಿಲ್ಲುತ್ತಾನೆ?” ಎಂದು ಕೇಳಿದರು. “ಯಾರಿಗಾಗಿ ನಿಲ್ಲುತ್ತಿದ್ದ?”

ನಾನು ನಿಧಾನ ನಡೆಯುವವಳು. ಎಂದಿನಿಂದಲೂ. ನನ್ನ ಚಪ್ಪಲಿಯ ಸದ್ದು ಹತ್ತಿರ ಬರುವವರೆಗೆ ನಿಲ್ಲುತ್ತಿದ್ದರು. ಬಂದ ಮೇಲೆ ಮತ್ತೆ ಹೊರಡುತ್ತಿದ್ದರು. ಬಾ ಎಂದು ಒಮ್ಮೆಯೂ ಕರೆದವರಲ್ಲ. ಇಷ್ಟು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಹೊಳೆಯಿತು. ಹಾಗೆಯೇ ಹೇಳಿದೆ. ರಂಜು ಇಂಗ್ಲಿಷಿಗೆ ತಿರುಗಿಸುತ್ತಾ ನಡುವೆ ನಿಲ್ಲಿಸಿದಳು. ಉಳಿದದ್ದನ್ನು ನಾನೇ ಸ್ವಾಹಿಲಿಯಲ್ಲಿ ಹೇಳಿದೆ, ಓಪಿಯೋ ತಂದೆಗೆ ಬಿಡಿಸಿ ಹೇಳಿದ.

ಮುಥೋನಿ, ಹಾಗಾದರೆ ನೀವು ಹಿಂದೆ ನಡೆಯಬೇಕು ಎಂದಳು. ಮುಖ ಕಾಣುವುದಿಲ್ಲ. ಲಾಲ್‌ಜಿಗೆ ಹೆಂಡತಿ ಇದ್ದಾಳೆ ಎಂದು ಕಥೆಯಲ್ಲಿ ಇಲ್ಲ, ಇಲ್ಲ ಎಂದೂ ಇಲ್ಲ.

ಬಾಲ್ಕನಿ ಕಡೆ ನೋಡಿದೆ. ಜಯಾ ಒಳಗೆ ಹೋಗಿದ್ದಳು. ಅವಳ ಅತ್ತೆ ಇನ್ನೂ ನಿಂತಿದ್ದರು. ಹೋಗಬಾರದ ಕಡೆ ಹೋಗುವುದೂ ಅಲ್ಲದೆ ನಡೆಯುವುದು ಬೇರೆ. ಬದುಕಿರುವ ಗಂಡನ ಹಿಂದೆ ನಡೆಯುವ ಹೆಂಗಸಾಗಿ.

ನಡೆಯುತ್ತೇನೆ ಎಂದೆ.

ಸೆಪ್ಟೆಂಬರ್ 9, ಶನಿವಾರ. ರಾತ್ರಿ 9.50

ಮೈದಾನದಲ್ಲಿ ಇನ್ನೂರು ಜನ. ಅರ್ಧ ಬಾವುಟ ಹಳದಿ, ಅರ್ಧ ನೇರಳೆ. ನಿಜವಾದ ಪೊಲೀಸರು ಇಬ್ಬರು ಬಂದು ಇದು ಯಾವ ಪಕ್ಷ ಎಂದು ವಿಚಾರಿಸಿದರು, ಆಮೇಲೆ ಹಿಂದಿನ ಸಾಲಿನಲ್ಲಿ ತಾವೂ ನಿಂತರು. ಅವಳಿ ಅಕ್ಕತಂಗಿಯರಿಗೆ ಒಂದೇ ಬನ್ನು ಹಂಚಿ ಕೊಟ್ಟದ್ದಕ್ಕೆ ನಿಜವಾಗಿಯೂ ಜಗಳವಾಯಿತು. ಉಮೇದುವಾರರಿಬ್ಬರೂ ಒಂದೇ ಛತ್ರಿಯ ಕೆಳಗೆ ನಿದ್ದೆ ಮಾಡುತ್ತಿದ್ದರು. ಇದನ್ನೆಲ್ಲ ಇವರು ಊಟಕ್ಕೆ ಕೂತಾಗ ಹೇಳಲು ಬರುತ್ತಿದ್ದರು, ನಾನು ಪಲ್ಯ ಬೇಕೇ ಎಂದು ಕೇಳುತ್ತಿದ್ದೆ.

ಐದೂವರೆಗೆ ಬೆಳಕು ಸರಿಯಾಯಿತು. ಮುದುಕರು ಮುಂದೆ, ನಾನು ಹಿಂದೆ. ಲೌಡ್‌ಸ್ಪೀಕರಿನಲ್ಲಿ ಹಾಡು ಹಾಕಿದರು, ಜನಕ್ಕೆ ಕೇಳಲಿ ಎಂದು. ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇವರ ದನಿ. ಮೈದಾನದ ತುಂಬ.

ನಿಮ್ಮ ಮುಖ ಅಚ್ಚು ಹಾಕಿದವನು ನಾನು, ಎರಡು ಸಲ ಒಗೆದರೆ ಹೋಗುತ್ತದೆ ಸ್ವಾಮಿ ಎಂಬ ಅರ್ಥದ ಹಾಡು. ಇಂಗ್ಲಿಷು. ಶ್ರುತಿ ತಪ್ಪಿತ್ತು. ಮೇಲಕ್ಕೆ ಏರುವಲ್ಲೆಲ್ಲ ತಪ್ಪಿತ್ತು. ನಾನು ಮನೆಯಲ್ಲಿ ಅಂದದ್ದೇನೂ ಸುಳ್ಳಲ್ಲ. ಆದರೆ ಸಂಕೋಚವೇ ಇಲ್ಲದೆ ಹಾಡಿದ್ದರು. ಇವರು ಇಷ್ಟು ಜೋರಾಗಿ ಏನನ್ನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಜನ ನಕ್ಕರು. ಎರಡನೆಯ ಚರಣಕ್ಕೆ ಅವರೂ ಹಾಡಿದರು.

ಮೊದಲನೆಯ ಸಲ ಹಾಡು ಕೇಳುತ್ತಾ ನಡೆಯುವುದನ್ನೇ ಮರೆತೆ. ಮುಥೋನಿ ಹಾಡನ್ನು ಮೊದಲಿನಿಂದ ಹಾಕಿಸಿದಳು. ಎರಡನೆಯ ಸಲ ಯಾವನೋ ಅಡ್ಡ ಬಂದ. ಮೂರನೆಯ ಸಲ ಮುದುಕರು ಆರು ಹೆಜ್ಜೆ ಹೋಗಿ ನಿಂತರು, ತಲೆ ವಾಲಿಸಿ. ನಾನು ಎಂದಿನ ಹಾಗೆ ನಿಧಾನ ನಡೆದೆ. ಬೇಕೆಂದೇ ಇನ್ನೂ ಸ್ವಲ್ಪ ನಿಧಾನ. ನಿಂತೇ ಇದ್ದರು. ಚಪ್ಪಲಿಯ ಸದ್ದು ಹತ್ತಿರವಾದ ಮೇಲೆ ಹೊರಟರು. ವೇದಿಕೆಯ ಮೆಟ್ಟಿಲವರೆಗೆ ಹಾಗೇ ಮೂರು ಸಲ. ಮೆಟ್ಟಿಲ ಹತ್ತಿರ ನಾನು ನಿಲ್ಲಬೇಕು, ಅವರು ಹತ್ತಬೇಕು. ಹತ್ತಿದರು. ಹಾಡು ಮುಗಿಯುವವರೆಗೆ ನಾನು ಕೆಳಗೆ ನಿಂತಿದ್ದೆ.

ವಲೇರಿಯನ್ ವೇದಿಕೆಯ ಮೇಲೆ ಗಿಟಾರು ಹಿಡಿದು ನಿಂತವರು ಮುಖವನ್ನು ಟೋಪಿಯಿಂದ ಮುಚ್ಚಿಕೊಂಡರು. ಅದು ಕಥೆಯಲ್ಲಿ ಇಲ್ಲ. ಇರಲಿ ಎಂದಳಂತೆ ಮುಥೋನಿ.

ಕತ್ತಲಾದ ಮೇಲೆ ಚಿಕ್ಕ ಪರದೆಯಲ್ಲಿ ತೋರಿಸಿದಳು. ಬೆನ್ನು ಮಾತ್ರ. ಹಿಂದೆ ಒಂದು ಸೀರೆ. ನನಗೆ ಎತ್ತರ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೂ ಸೀನು ಇರುತ್ತವೆ, ಒಂದನ್ನೂ ಕತ್ತರಿಸುವುದಿಲ್ಲ ಎಂದಳು. ಎರಡು ಸಲ ಕೇಳಿದೆ. ಎರಡು ಸಲವೂ ಹಾಗೇ ಹೇಳಿದಳು.

ರಂಜು ಕಾರಿನಲ್ಲಿ ಆ ಹಾಡು ಗುನುಗುತ್ತಿದ್ದಳು. ಅವಳಿಗೂ ಮೇಲೇರುವಲ್ಲಿ ಶ್ರುತಿ ಇಲ್ಲ. “ಅಮ್ಮಾ, ಯು ವಾಕ್ ಸೋ ಸ್ಲೋ,” ಎಂದಳು. ಹೌದು ಎಂದೆ.

ಮುದುಕರು ಓಪಿಯೋನ ಕೋಣೆಯಲ್ಲಿ ಮಲಗಿದ್ದಾರೆ. ಬಸ್ಸಿಗೆ ಕಟ್ಟಿಕೊಡಲು ಪುಳಿಯೋಗರೆ ಗೊಜ್ಜು ಕುದಿಸಿಟ್ಟೆ. ಲೋಟದಲ್ಲಿ ಕುಡಿಯುವ ಸಾರು ಫ್ಲಾಸ್ಕಿಗೆ.

ನಾಳೆ ಏಳೂವರೆಗೆ ಬಸ್ಸು.